ತರಬೇತಿಗೆ ದುಡ್ಡು ಕಟ್ಟುವ ಮೊದಲು ಒಂದು ಸಲ ಆಲೆಮನೆಗೆ ಹೋಗಿ ಬನ್ನಿ

ಮದ್ದೂರು ಕಡೆಯ ಹಳ್ಳಿಯಲ್ಲಿ 15 ಹೆಂಗಸರ ಸಂಘ ಇದೆ, ಸ್ವಲ್ಪ ಉಳಿತಾಯ ಇದೆ, ಯಾವ ತರಬೇತಿ ಕೊಡಿಸಿದರೆ ವರ್ಷಪೂರ್ತಿ ಸಂಪಾದನೆ ಆಗುತ್ತೆ ಅಂತ ಕೇಳಿದ್ದೀರಿ. ನಾನು ಪಾಂಡವಪುರ ತಾಲ್ಲೂಕಿನವಳು. ನಮ್ಮ ಸಂಘದ ಲೆಕ್ಕ ಬರೆಯುವುದು ನಾನೇ. ಹಾಗಾಗಿ ದುಡ್ಡು ಎಲ್ಲೆಲ್ಲಿ ಹೋಯ್ತು ಅನ್ನೋದು ಚೆನ್ನಾಗಿ ಗೊತ್ತು.

ನಾವೂ ಮೊದಲು ತರಬೇತಿ ಅಂತಲೇ ಹೊರಟಿದ್ದು. ಯಾರೋ ಬಂದು ಮೂರು ದಿನ ಮೇಣದಬತ್ತಿ ಮಾಡೋದು ಹೇಳಿಕೊಟ್ಟರು. ಸರ್ಟಿಫಿಕೇಟ್ ಆಯ್ತು, ಫೋಟೋ ಆಯ್ತು. ಮೇಣ, ದಾರ, ಅಚ್ಚು ಎಲ್ಲಾ ಬೆಂಗಳೂರಿಂದ ತರಿಸಬೇಕು. ಮಾಡಿದ್ದನ್ನು ಕೊಳ್ಳುವವರು ಯಾರೂ ಇಲ್ಲ. ಕರೆಂಟ್ ಹೋದಾಗಲೆಲ್ಲ ನಾವೇ ಹಚ್ಚಿ ಮುಗಿಸಿದೆವು.

ಆಮೇಲೆ ಕಣ್ಣು ಬಿದ್ದಿದ್ದು ಬೆಲ್ಲದ ಮೇಲೆ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ನೀರು ಬಂದ ಕಾಲದಿಂದ ನಮ್ಮಲ್ಲಿ ಕಬ್ಬಿಗೇನೂ ಬರವಿಲ್ಲ. ಆದರೆ ಆಲೆಮನೆಗಳಲ್ಲಿ ಈಗ ಕೊಪ್ಪರಿಗೆ ಮುಂದೆ ನಿಲ್ಲುವವರು ಬಹಳ ಕಡೆ ಉತ್ತರ ಪ್ರದೇಶದ ಹುಡುಗರು. ನಮ್ಮೂರಲ್ಲಿ ಮೂವತ್ತು ವರ್ಷ ಪಾಕ ಇಳಿಸಿದ ಅಜ್ಜ ಒಬ್ಬರು ಸುಮ್ನೆ ಜಗಲಿ ಮೇಲೆ ಕೂತಿದ್ದರು. ಅವರನ್ನೇ ಮೇಷ್ಟ್ರು ಮಾಡಿಕೊಂಡೆವು. ಫೀಸು ಕಾಫಿ, ಎಲೆ ಅಡಿಕೆ.

ಪರಿಚಯದವರ ಆಲೆಮನೆಯನ್ನು ವಾರಕ್ಕೊಂದು ದಿನ ಬಾಡಿಗೆಗೆ ಹಿಡಿದೆವು. ಅಜ್ಜ ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿ, ಆ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕಿಸಿದರು. ಕೊಳೆಯೆಲ್ಲ ನೊರೆ ಜೊತೆ ಮೇಲೆ ಬರುತ್ತೆ, ತೆಗೆದು ಹಾಕ್ತಾ ಇರಬೇಕು. ಹದ ನೋಡೋಕೆ ಒಂದು ಹನಿ ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡೋದು. ಬಿ.ಎಸ್ಸಿ. ಓದಿದ ನನ್ನ ಮಗಳು ಥರ್ಮಾಮೀಟರ್ ಇಟ್ಟಳು. ಅಜ್ಜ 'ಸಾಕು, ಇಳಿಸಿ' ಅಂದಾಗ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಇತ್ತು. ಅವಳು ಅದನ್ನ ಬರೆದುಕೊಂಡಳು. ಅಜ್ಜ ನಕ್ಕು, 'ನಾಲೆ ಕೊನೇಲಿರೋ ಚೌಳು ಗದ್ದೆ ಕಬ್ಬಿಗೆ ಇದು ನಡೆಯಲ್ಲ ಕಣವ್ವ, ಆ ಬೆಲ್ಲ ಉಪ್ಪುಪ್ಪು, ಗಟ್ಟಿ ನಿಲ್ಲಲ್ಲ' ಅಂದರು. ಅದನ್ನೂ ಬರೆದುಕೊಂಡಳು. ಈಗ ಕಬ್ಬು ಕೊಳ್ಳುವ ಮೊದಲು ಯಾರ ಗದ್ದೆಯದು ಅಂತ ವಿಚಾರಿಸುತ್ತೇವೆ.

ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬರುತ್ತೆ. ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡೋ ರಾಸಾಯನಿಕ ಪುಡಿ) ಹಾಕದ ಬೆಲ್ಲ ಕಂದು ಬಣ್ಣ. ಮಂಡಿಯಲ್ಲಿ ಹಳದಿ ಬೆಲ್ಲಕ್ಕೇ ಜಾಸ್ತಿ ರೇಟು, ನಮ್ಮದನ್ನು ನೋಡಿ ಮೂಗು ಮುರಿದರು. ಜೊತೆಗೆ ಮೊದಲ ಮಳೆಗಾಲದಲ್ಲಿ 60 ಕೆಜಿ ಬೆಲ್ಲ ನೀರು ಬಿಟ್ಟುಕೊಂಡು ಚೀಲಕ್ಕೇ ಅಂಟಿತು. ಬೆಲ್ಲ ಗಾಳಿಯ ತೇವ ಹೀರುತ್ತೆ ಅಂತ ಮನೆಯಲ್ಲಿ ಡಬ್ಬಿ ಮುಚ್ಚಿಡುವ ನಮಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೆ ವ್ಯಾಪಾರ ಅಂದ ಕೂಡಲೇ ಮನೆಯ ಬುದ್ಧಿ ಮನೆಯಲ್ಲೇ ಬಿಟ್ಟು ಬಂದಿದ್ದೆವು.

ನಮ್ಮ ಕೈ ಹಿಡಿದಿದ್ದು ಎಳ್ಳು ಬೆಲ್ಲ. ಸಂಕ್ರಾಂತಿಗೆ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬೆಲ್ಲ ಕೊಬ್ಬರಿ ಎರಡನ್ನೂ ಸಣ್ಣಗೆ ಒಂದೇ ಸಮ ಹೆಚ್ಚಿ, ಬಿಸಿಲಿಗೆ ಒಣಗಿಸಿ, ಹುರಿದ ಎಳ್ಳು, ಕಡ್ಲೆಬೀಜ, ಹುರಿಗಡಲೆ ಬೆರೆಸೋದು. ಇದನ್ನು ಮಾರೋಣ ಅಂದಾಗ ಸಂಘದಲ್ಲಿ ಎಲ್ಲರೂ 'ಇದರಲ್ಲೇನಿದೆ, ಯಾರು ಬೇಕಾದರೂ ಮಾಡ್ತಾರೆ' ಅಂದರು. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಅಡಕತ್ತರಿ ಹಿಡಿದು ಕೂರುವವರು ಎಷ್ಟು ಜನ ಹೇಳಿ? ಮೊದಲ ವರ್ಷ ಕಟ್ಟಿದ ಪೊಟ್ಟಣ ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ಖಾಲಿ. ಕಂದು ಬೆಲ್ಲವನ್ನೇ ಹುಡುಕಿಕೊಂಡು ಬರುವವರೂ ಸಿಕ್ಕಿದ್ದು ಅಲ್ಲೇ.

ವರ್ಷಪೂರ್ತಿ ಅಂದಿರಲ್ಲ, ಅದು ಆಗಲಿಲ್ಲ. ಕಾರ್ತಿಕದಿಂದ ಯುಗಾದಿವರೆಗೆ ಕೈ ತುಂಬ ಕೆಲಸ. ಮಳೆಗಾಲದಲ್ಲಿ ಹಸು, ಗದ್ದೆ ಅಂತ ಅವರವರ ದಾರಿ. ಯಾರೂ ಹಸು ಮಾರಿ ಇದಕ್ಕೆ ಇಳಿಯಲಿಲ್ಲ, ಅದೇ ಒಳ್ಳೆಯದಾಯ್ತು.

ಹೊರಗಿನವರಿಂದ ಕಲಿಯೋದೇ ಬೇಡ ಅಂತಲ್ಲ. ಪ್ಯಾಕಿಂಗ್, ಲೇಬಲ್, ತೇವಾಂಶ ನಮಗೆ ಬರುತ್ತಿರಲಿಲ್ಲ. ಅದಕ್ಕೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಸಣ್ಣ ಕೋರ್ಸ್ ನಡೆಸುತ್ತೆ. ಆಹಾರ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ಸಣ್ಣ ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿರುವುದೂ ಬೆಲ್ಲವನ್ನೇ. ಅದರಲ್ಲಿ ಆಹಾರ ಪದಾರ್ಥ ಮಾಡುವ ಸಂಘದ ಒಬ್ಬೊಬ್ಬ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭದ ಬಂಡವಾಳ ಇಟ್ಟಿದ್ದರು. ಈಗ ಅರ್ಜಿ ತಗೊಳ್ತಾ ಇದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ನಿಮ್ಮೂರಲ್ಲಿ ಬೆಲ್ಲವೇ ಆಗಬೇಕು ಅಂತೇನಿಲ್ಲ. ಮುಂದಿನ ಸಂಘದ ಮೀಟಿಂಗಲ್ಲಿ 'ಹಬ್ಬಕ್ಕೆ ನಿಮ್ಮ ನೆಂಟರು ಯಾರ ಮನೆಯಿಂದ ಏನು ಕಟ್ಟಿಸಿಕೊಂಡು ಹೋಗ್ತಾರೆ' ಅಂತ ಕೇಳಿ ನೋಡಿ. ನಮ್ಮಲ್ಲಿ ಆ ಪಟ್ಟಿ ಎರಡು ಪುಟ ಆಯ್ತು. ಆಲೆಮನೆಗೆ ಹೋಗೋದಾದರೆ ಒಂದು ನಿಂಬೆಹಣ್ಣು ಇಟ್ಟುಕೊಂಡು ಹೋಗಿ, ಕಬ್ಬಿನ ಹಾಲು ಕುಡಿಸದೆ ಅವರು ಕಳಿಸಲ್ಲ.