ಬ್ರೇಕ್ ಬೇಗ ಒತ್ತುತ್ತಿದ್ದ ಹುಡುಗ

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಅಪ್ಪನ ಕಸುಬನ್ನೂ ಸೇರಿಸಿ.

ಹುಡುಗನಿಗೆ 16 ವರ್ಷ. ಬೆಂಗಳೂರಿನವನು, ಮೊದಲ ಪಿಯುಸಿ. ಚಿಕ್ಕವನಿದ್ದಾಗ ಯಾರದ್ದೋ ಬರ್ತ್‌ಡೇಗೆ ಕಾರ್ಟಿಂಗ್ ಟ್ರ್ಯಾಕಿಗೆ ಹೋದವನು ಅಲ್ಲಿಗೇ ಅಂಟಿಕೊಂಡ. ಕಾರ್ಟಿಂಗ್‌ನಲ್ಲಿ ಕಪ್‌ಗಳು ಬಂದವು, ಹೋದ ವರ್ಷ ಫಾರ್ಮುಲಾ ಕಾರಿಗೆ, ಅಂದರೆ ಒಬ್ಬರೇ ಕೂರುವ, ಚಕ್ರ ಹೊರಗೆ ಕಾಣುವ ರೇಸ್ ಕಾರಿಗೆ, ಹತ್ತಿದ. ಈಗ ರೇಸ್ ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ರೇಸ್ ಇರುವ ವಾರ ಊಟ ಸೇರುವುದಿಲ್ಲ, ಆ ದಿನ ಬೆಳಗ್ಗೆ ವಾಂತಿ. ಡಾಕ್ಟರು ಎಲ್ಲ ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದ ಮೇಲೆ ಅಮ್ಮ ಅವನನ್ನು ಕೌನ್ಸೆಲರ್ ಆದ ನನ್ನ ಹತ್ತಿರ ಕರೆದುಕೊಂಡು ಬಂದರು.

ಅಮ್ಮನ ಲೆಕ್ಕಾಚಾರ ಸರಳವಾಗಿತ್ತು. ಮಗನಿಗೆ ಆಕ್ಸಿಡೆಂಟ್ ಭಯ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಬೈಕ್ ರೇಸರ್ ಹುಡುಗನೊಬ್ಬ ಚೆನ್ನೈ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡಿದ್ದು ಗೊತ್ತಲ್ವಾ. "ಆವತ್ತಿಂದ ನಂಗೆ ನಿದ್ದೆ ಇಲ್ಲ ಮೇಡಂ, ಇವನಿಗೂ ಅದೇ ಇರಬೇಕು" ಅಂದರು. ಅಮ್ಮನ ಭಯಕ್ಕೆ ಕಾರಣ ಇದೆ, ಅದನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಅದು ಅಮ್ಮನ ಭಯ.

ಹುಡುಗನ ಜೊತೆ ಒಬ್ಬಳೇ ಮಾತಾಡಿದಾಗ ಸ್ಪೀಡ್ ಬಗ್ಗೆ ಅವನ ಮಾತಿನಲ್ಲಿ ಭಯವೇ ಕಾಣಲಿಲ್ಲ. ಕಾಡುತ್ತಿದ್ದದ್ದು ಕೋಚ್ ಹೇಳಿದ ಒಂದು ಮಾತು. ಕಾರಿನ ಡೇಟಾ ಕಂಪ್ಯೂಟರ್‌ನಲ್ಲಿ ಬರುತ್ತದೆ, ಯಾವ ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಿದ ಅನ್ನುವುದೆಲ್ಲ ಕಾಣುತ್ತದೆ. ಪ್ರಾಕ್ಟೀಸಿನಲ್ಲಿ ಇವನ ಲ್ಯಾಪ್ ಟೈಮ್ ಮುಂದಿನವರಷ್ಟೇ ಚೆನ್ನಾಗಿದೆ. ರೇಸಿನಲ್ಲಿ ಪಕ್ಕಕ್ಕೆ ಇನ್ನೊಂದು ಕಾರು ಬಂತೋ, ಕೆಲವು ಮೀಟರ್ ಮೊದಲೇ ಬ್ರೇಕ್ ಒತ್ತಿ ದಾರಿ ಬಿಟ್ಟುಕೊಡುತ್ತಾನೆ. "ನಿಂಗೆ ಧೈರ್ಯ ಸಾಲದು" ಅಂದಿದ್ದರಂತೆ ಕೋಚ್.

ಆ ಗಳಿಗೆಯಲ್ಲಿ ತಲೆಯಲ್ಲಿ ಏನು ಬರುತ್ತದೆ ಅಂತ ಕೇಳಿದೆ.

"ವಿಶ್‌ಬೋನ್ ರೇಟು ಮೇಡಂ."

ವಿಶ್‌ಬೋನ್ ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಸಸ್ಪೆನ್ಷನ್ ಕಂಬಿ. ಚಕ್ರಕ್ಕೆ ಚಕ್ರ ತಾಗಿದರೆ ಮೊದಲು ಮುರಿಯುವುದು ಅದೇ. ರೇಸಿಂಗ್‌ನಲ್ಲಿ ಸೀಟಿಗೆ ಕಟ್ಟುವ ಫೀಸ್ ಬೇರೆ, ಗುದ್ದಿದ್ದರ ಬಿಲ್ ಬೇರೆ, ಬಹಳ ಕಡೆ ಹೀಗೇ. ಈ ಹುಡುಗನಿಗೆ ಎಲ್ಲದರ ರೇಟೂ ಬಾಯಿಪಾಠ. ಅಪ್ಪನಿಗೆ ಎರಡು ಟೆಂಪೋ ಟ್ರಾವೆಲರ್ ಇದ್ದವು, ಒಂದು ಮಾರಿದ್ದಾಯಿತು, ಮನೆ ಸಾಲದ ಮೇಲೆ 12 ಲಕ್ಷ ಟಾಪ್‌ಅಪ್ ತೆಗೆದದ್ದಾಯಿತು, ಅಕ್ಕನಿಗೆ ಆರ್ಕಿಟೆಕ್ಚರ್ ಓದುವ ಆಸೆ ಇತ್ತು, ಪ್ರೈವೇಟ್ ಕಾಲೇಜಿನ ಫೀಸ್ ನೋಡಿ ಅವಳು ತಾನಾಗಿಯೇ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು. ಇದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿದ. ಕೊನೆಗೆ, "ಅಕ್ಕ ಒಂದ್ಸಲ ಬೈದಿದ್ರೆ ಚೆನ್ನಾಗಿತ್ತು."

ಇವನಿಗೆ ಧೈರ್ಯ ಕಡಿಮೆ ಅಂತ ನನಗೆ ಅನಿಸಲಿಲ್ಲ. ಪ್ರತಿ ತಿರುವಿನಲ್ಲೂ ಮನೆಯ ಸಾಲವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುತ್ತಿದ್ದ, ಅಷ್ಟೇ.

ಅಪ್ಪ ಕೆಟ್ಟವರಲ್ಲ. ಹುಮ್ಮಸ್ಸಿನ ಮನುಷ್ಯ, ಮಗನ ಮೇಲೆ ಪ್ರಾಣ. ಆದರೆ ಕೊಯಮತ್ತೂರಿನಿಂದ ವಾಪಸ್ ಬರುವಾಗ ಸೇಲಂ ತನಕ ರೇಸ್ ಮಾತು, ಸೇಲಂನಿಂದ ಹೊಸೂರು ತನಕ ದುಡ್ಡಿನ ಮಾತು. ಹುಡುಗ ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಾನೆ. ಹೆಡ್‌ಫೋನಿನಲ್ಲಿ ಹಾಡು ಇರುವುದಿಲ್ಲವಂತೆ.

ಅಪ್ಪನ ವಾದ ಎರಡು, ಎರಡೂ ಫಾರ್ಮುಲಾ 1 (ಎಫ್‌1) ಚಾಂಪಿಯನ್‌ಗಳ ಹೆಸರು ಹಿಡಿದು. ಮೊದಲನೆಯದು, "ಹ್ಯಾಮಿಲ್ಟನ್ ಅಪ್ಪನೂ ಮೂರು ಮೂರು ಕೆಲಸ ಮಾಡಿ ಮಗನನ್ನ ಓಡಿಸಲಿಲ್ವಾ ಮೇಡಂ?" ನಿಜ. ಆದರೆ ಹ್ಯಾಮಿಲ್ಟನ್‌ಗೆ 13 ವರ್ಷ ಆದಾಗಲೇ, 1998ರಲ್ಲಿ, ಎಫ್‌1 ಟೀಮ್ ಮೆಕ್ಲಾರೆನ್ ಕೈ ಹಿಡಿಯಿತು. ಹಾಗೇ ಮೂರು ಕೆಲಸ ಮಾಡಿ ಯಾರೂ ಕೈ ಹಿಡಿಯದೆ ಉಳಿದ ಅಪ್ಪಂದಿರ ಕಥೆ ನಮಗೆ ಸಿಗುವುದಿಲ್ಲ, ಯಾಕಂದರೆ ಅದನ್ನು ಯಾರೂ ಬರೆಯುವುದಿಲ್ಲ. ಎರಡನೆಯದು ಅವಸರ. "ವರ್ಸ್ಟಾಪನ್ 17ಕ್ಕೇ ಎಫ್‌1ಗೆ ಬಂದ, ಇವನಿಗೆ ಆಗಲೇ 16." ವರ್ಸ್ಟಾಪನ್ ಬಂದದ್ದು 2015ರಲ್ಲಿ. ಅದಾದ ಮೇಲೆ ನಿಯಮವೇ ಬದಲಾಯಿತು. ಎಫ್‌1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಸಾಮಾನ್ಯವಾಗಿ 18 ತುಂಬಿರಬೇಕು, ಕೆಳಗಿನ ರೇಸುಗಳಲ್ಲಿ ಮೂರು ಸೀಸನ್‌ನಲ್ಲಿ 40 ಅಂಕ ಗಳಿಸಿರಬೇಕು.

ಆಸೆ ಮುರಿಯುವುದು ನನ್ನ ಕೆಲಸ ಅಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆ ಮೇಜಿನ ಮೇಲೆ ಇಟ್ಟೆ. ಭಾರತದಿಂದ ಎಫ್‌1 ರೇಸ್ ಓಡಿಸಿದವರು ಇಬ್ಬರೇ, 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋದಲ್ಲಿ, ಎಫ್‌1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್‌2 ಸ್ಪ್ರಿಂಟ್ ರೇಸ್ ಗೆದ್ದ. ಅವನ ಅಣ್ಣ ಅರ್ಜುನ್ ಫಾರ್ಮುಲಾ ಬಿಟ್ಟು ಜರ್ಮನಿಯ ಡಿಟಿಎಂ ಅನ್ನುವ ಕಾರ್ ರೇಸ್ ಸರಣಿಯ ಕಡೆ ಹೋಗಿ ಅಲ್ಲಿ ವೃತ್ತಿ ಕಟ್ಟಿಕೊಂಡ. ಅಂದರೆ ಡ್ರೈವರ್ ಆಗುವುದಕ್ಕೆ ದಾರಿ ಎಫ್‌1 ಒಂದೇ ಅಲ್ಲ. ಯೂರೋಪಿನ ಎಫ್‌3, ಎಫ್‌2 ಅಂದರೆ ಒಂದು ಸೀಸನ್‌ಗೆ ಕೋಟಿಗಟ್ಟಲೆ. ಟೆಂಪೋ ಟ್ರಾವೆಲರ್ ಮಾರಿ ಮುಟ್ಟುವ ಲೆಕ್ಕವಲ್ಲ ಅದು, ಸ್ಪಾನ್ಸರ್ ಇಲ್ಲದೆ ಆಗುವುದಿಲ್ಲ.

ಈಗ ಸಲಹೆ. ಮೊದಲು ದುಡ್ಡು, ಯಾಕಂದರೆ ವಾಂತಿಯ ಬೇರು ಇದ್ದದ್ದು ಅಲ್ಲೇ. ಮಗನಿಂದ ಸಾಲ ಮುಚ್ಚಿಡಿ ಅಂತ ನಾನು ಹೇಳಲಿಲ್ಲ, ಅವನಿಗೆ ಎಲ್ಲ ಗೊತ್ತು, ಇನ್ನು ಮುಚ್ಚಿದರೆ ಜಾಸ್ತಿ ಊಹಿಸಿಕೊಳ್ಳುತ್ತಾನೆ. ಒಂದು ಸಂಜೆ ನಾಲ್ಕೂ ಜನ ಕೂತು ಒಂದೇ ಹಾಳೆಯಲ್ಲಿ ಬರೆಯಿರಿ ಅಂದೆ. ಈ ಸೀಸನ್‌ಗೆ ಇಷ್ಟು, ಅದರ ಮೇಲೆ ಒಂದು ರೂಪಾಯಿ ಇಲ್ಲ, ಮನೆ ಪತ್ರ ಇನ್ನು ಮುಟ್ಟುವ ಹಾಗಿಲ್ಲ. ಆ ಮೊತ್ತದಲ್ಲೇ ಗುದ್ದುವುದಕ್ಕೆ ಅಂತ ಒಂದು ಪಾಲು ಮೊದಲೇ ತೆಗೆದಿಡಿ, ಅದು ಖರ್ಚಾಗಿ ಹೋಯಿತು ಅಂತಲೇ ತಿಳಿಯಿರಿ. ರೇಸಿಂಗ್‌ನಲ್ಲಿ ಕಾರು ಗುದ್ದುವುದು ತಪ್ಪಲ್ಲ, ಖರ್ಚಿನ ಒಂದು ಬಾಬ್ತು. ಹಾಳೆ ಅಪ್ಪ ಅಮ್ಮನ ಹತ್ತಿರ ಇರಲಿ, ಆಮೇಲೆ ಬಿಲ್ಲುಗಳ ಸುದ್ದಿ ಹುಡುಗನ ಕಿವಿಗೆ ಬೀಳುವುದು ಬೇಡ.

ವಾಪಸ್ ಬರುವ ದಾರಿಗೂ ಒಂದು ನಿಯಮ ಮಾಡಿದೆವು. ರೇಸ್ ಮಾತು ಅವನೇ ಎತ್ತಿದರೆ ಮಾತ್ರ. ಅಪ್ಪನಿಗೆ ಇದು ಎಲ್ಲಕ್ಕಿಂತ ಕಷ್ಟ ಆಯಿತು, ಪಾಪ. ವಾಂತಿಗೆ ನಿಧಾನ ಉಸಿರಾಟದ ಅಭ್ಯಾಸ, ರೇಸಿನ ದಿನ ಬೇಗ ಎದ್ದು ಸ್ವಲ್ಪ ಸ್ವಲ್ಪ ತಿನ್ನುವುದು. ಇಷ್ಟಕ್ಕೂ ಕಡಿಮೆ ಆಗದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತೇನೆ ಅಂತಲೂ ಹೇಳಿದೆ.

ಓದು ಬಿಡಿಸುವ ಮಾತು ಅಪ್ಪ ಎತ್ತಿದ್ದರು. ಬೇಡ ಅಂದೆ. ಹಾಜರಾತಿ ತೊಂದರೆ ಆದರೆ ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್ ಇದೆ, ಪರೀಕ್ಷೆ ಬರೆಯಬಹುದು. ಎಂಜಿನಿಯರಿಂಗ್ ಹುಡುಗರೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಭಾರತ್ ಅದೇ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ನಡೆಯುತ್ತದೆ, ಒಮ್ಮೆ ಹೋಗಿ ನೋಡು ಅಂದೆ. ಮುಖ ಸಿಂಡರಿಸಿದ. ಡ್ರೈವರ್ ಆಗಬೇಕು ಅನ್ನುವವನಿಗೆ ಎಂಜಿನಿಯರ್ ಆಗು ಅಂದರೆ ಹಾಗೇ ಅನಿಸುವುದು, ಅದಕ್ಕೆ ಎರಡನೇ ಸಲ ಹೇಳಲು ಹೋಗಲಿಲ್ಲ.

ಅಕ್ಕನನ್ನು ಬೇರೆಯಾಗಿ ಕರೆಸಿದೆ. ಅವಳಿಗೆ ಸಿಟ್ಟಿದೆ, ತಮ್ಮನ ಮೇಲಲ್ಲ, ತನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ ಅನ್ನುವುದಕ್ಕೆ. ಅದನ್ನು ಅಪ್ಪನ ಮುಂದೆ ಹೇಳು ಅಂದೆ. ಹೇಳಿದಳು. ಅಪ್ಪ ಅತ್ತರು. ಇದು ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ, ಅವಳ ಓದಿನ ವಿಷಯ ಇನ್ನೂ ಹಾಗೇ ಇದೆ.

ಆಮೇಲಿನ ಎರಡು ರೇಸಿನಲ್ಲಿ ಒಂದರಲ್ಲಿ ವಾಂತಿ ಆಗಲಿಲ್ಲ. ಇನ್ನೊಂದರಲ್ಲಿ ಆಯಿತು, ಆದರೂ ಬ್ರೇಕ್ ತಡವಾಗಿಯೇ ಒತ್ತಿ ಒಬ್ಬನನ್ನು ದಾಟಿದ, ಮುಂದಿನ ತಿರುವಿನಲ್ಲಿ ಇನ್ನೊಬ್ಬನಿಗೆ ತಾಗಿಸಿ ವಿಶ್‌ಬೋನ್ ಮುರಿದ. ದುಡ್ಡು ತೆಗೆದಿಟ್ಟ ಪಾಲಿನಿಂದ ಹೋಯಿತು.

ನಡುವೆ ಯೂರೋಪಿನ ಒಂದು ಟೀಮ್‌ನಿಂದ "ನಿಮ್ಮ ಮಗ ಆಯ್ಕೆಯಾಗಿದ್ದಾನೆ" ಅಂತ ಮೇಲ್ ಬಂದಿತ್ತು. ಇಂಥ ಮೇಲ್ ಬಂದರೆ ಹಿಗ್ಗುವ ಮೊದಲು ಕೆಲವು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಕೇಳಿ. ಟೆಸ್ಟ್ ದಿನ ಎಷ್ಟು, ಟೈರ್ ಫೀಸಿನಲ್ಲಿ ಸೇರಿದೆಯಾ, ಗುದ್ದಿದ್ದರ ಖರ್ಚಿಗೆ ಮೇಲ್ಮಿತಿ ಏನು, ಸೀಸನ್ ನಡುವೆ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ. ಅಪ್ಪ ಕೇಳಿದರು. ಉತ್ತರದಲ್ಲಿ ಫೀಸಿನ ಕಂತುಗಳ ತಾರೀಕು ಚೆನ್ನಾಗಿ ಬರೆದಿತ್ತು, ಗುದ್ದಿದ್ದರ ಖರ್ಚಿಗೆ ಮಿತಿ ಇಲ್ಲ ಅಂತಿತ್ತು. ಅದನ್ನು ನನಗೆ ಕಳಿಸಿ "ಏನ್ ಮಾಡೋಣ ಮೇಡಂ" ಅಂದರು. ನನ್ನನ್ನಲ್ಲ, ಆ ಹಾಳೆಯನ್ನು ಕೇಳಿ ಅಂದೆ. ಈ ಸೀಸನ್ ಇಲ್ಲೇ ಓಡಿಸುತ್ತಾನೆ ಅಂತ ಮರುದಿನ ಮೆಸೇಜ್ ಬಂತು. ಮುಂದಿನ ಭೇಟಿ ಸೀಸನ್ ಮುಗಿದ ಮೇಲೆ, ನಾಲ್ಕೂ ಜನ ಬರಬೇಕು ಅಂತ ಹೇಳಿದ್ದೇನೆ.