ಬೆಂಗಳೂರಲ್ಲಿ ಮಳೆ ಬಿದ್ದರೆ ನಮ್ಮೂರಲ್ಲಿ ನೊರೆ

ಹೊಳೆ ದಂಡೆಯಲ್ಲೇ ಹೊಲ ಇರುವವರಿಗೆ ನೀರಿನ ಚಿಂತೆ ಯಾಕೆ ಅಂತ ಕೇಳಿದಿರಿ. ನಮ್ಮದು ಹೊಸೂರು ತಾಲ್ಲೂಕು, ಕೆಲವರಪಳ್ಳಿ ಅಣೆಕಟ್ಟಿನ ಕೆಳಗಿನ ಹಳ್ಳಿ. ಸರ್ಕಾರ ತಮಿಳುನಾಡಿನದು, ಮನೆಮಾತು ಕನ್ನಡ, ಸಂತೆಗೆ ಹೋದರೆ ತೆಲುಗೂ ಬರಬೇಕು. ಹೊಳೆ ದಕ್ಷಿಣ ಪಿನಾಕಿನಿ, ಇಲ್ಲಿನ ಕಾಗದಪತ್ರಗಳಲ್ಲಿ ತೆನ್‌ಪೆಣ್ಣೈ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ್ದು, ದಾರಿಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರನ್ನೂ ಹೊತ್ತುಕೊಂಡು ಬರುತ್ತದೆ. ಬೆಳ್ಳಂದೂರು ಕೆರೆಗೆ 2015ರಲ್ಲಿ, ಮತ್ತೆ 2017ರಲ್ಲಿ ಬೆಂಕಿ ಹತ್ತಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ನೀರು ಹರಿದು ಬರುವುದು ನಮ್ಮ ಕಡೆಗೇ.

ನಗರದಲ್ಲಿ ಜೋರು ಮಳೆ ಬಿದ್ದ ಒಂದೆರಡು ದಿನಕ್ಕೆ ನಮಗೆ ಗೊತ್ತಾಗುತ್ತದೆ. ಮನೆಮನೆಯ ಸೋಪಿನ ಪುಡಿ, ಕಾರ್ಖಾನೆಗಳ ಕೆಮಿಕಲ್ ಎಲ್ಲಾ ಕೊಚ್ಚಿಕೊಂಡು ಬಂದು ಅಣೆಕಟ್ಟಿನ ಶಟರಿನಿಂದ ಧುಮುಕಿದಾಗ ಗಾಳಿ ಸೇರಿ ನೊರೆ ಏಳುತ್ತದೆ. ಬೆಳ್ಳಗೆ, ಆಳೆತ್ತರ. ನಂದಿಮಂಗಲದ ಕಡೆಗಿನ ತಗ್ಗು ಸೇತುವೆ ಮುಚ್ಚಿಹೋದರೆ ಬೈಕಿನವರು ಸುತ್ತುಹಾಕಿ ಹೋಗಬೇಕು. ಗಾಳಿ ಬೀಸಿದರೆ ತುಣುಕುಗಳು ಹಾರಿಬಂದು ಬೆಳೆ ಮೇಲೆ ಕೂರುತ್ತವೆ. ಒಣಗಿದ ಮೇಲೆ ಎಲೆ ಮುಟ್ಟಿದರೆ ಬೆರಳಿಗೆ ಜಿಡ್ಡು.

ನೊರೆ ನೋಡಲು, ಫೋಟೋ ತೆಗೆಯಲು ಜನ ಬರುತ್ತಾರೆ. ನಮಗೆ ಅದಕ್ಕಿಂತ ಕಷ್ಟ ಬೇಸಿಗೆ. ನೀರು ಇಳಿದಾಗ ಕೊಳೆತ ಮೊಟ್ಟೆಯಂಥ ವಾಸನೆ, ರಾತ್ರಿ ಸೆಕೆಗೂ ಕಿಟಕಿ ತೆಗೆಯುವ ಹಾಗಿಲ್ಲ. ಅಮ್ಮನ ಬೆಳ್ಳಿ ಕಾಲುಂಗುರ ಕಪ್ಪಗಾಗುತ್ತದೆ. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಾಳೆ, ತಿಂಗಳು ತುಂಬುವಷ್ಟರಲ್ಲಿ ಮತ್ತೆ ಕಪ್ಪು. ಕಾಲುವೆಗಿಳಿದು ಹೊಲಕ್ಕೆ ನೀರು ತಿರುಗಿಸಿದ ದಿನ ಮೊಣಕಾಲ ಕೆಳಗೆ ತುರಿಕೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತೇನೆ. ಹಸುಗಳು ಆ ನೀರಿಗೆ ಮೂತಿಯಿಟ್ಟು ಹಾಗೇ ತಿರುಗಿಬಿಡುತ್ತವೆ.

ಆದರೂ ಕಾಲುವೆ ನೀರು ಬೇಡ ಅನ್ನಲಾರೆವು. ಈ ಅಣೆಕಟ್ಟನ್ನು ನಂಬಿ ಸುಮಾರು 8,000 ಎಕರೆ ಇದೆ. ಬೋರು ಕೊರೆಸಲು ಸಾಲ ಮಾಡಬೇಕು, ಮಾಡಿದರೂ ನೀರು ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯಿಲ್ಲ. ಹಾಗಾಗಿ ಎಲೆಕೋಸು, ಟೊಮೇಟೊ, ಗುಲಾಬಿ ಎಲ್ಲಾ ಇದರಲ್ಲೇ ಬೆಳೆಯುತ್ತೇವೆ. ಹೊಸೂರಿನ ತರಕಾರಿ ಬೆಂಗಳೂರಿಗೂ ಹೋಗುತ್ತದೆ, ಅಲ್ಲಿ ಮಕ್ಕಳು ತಿನ್ನುತ್ತಾರೆ. ಬುಟ್ಟಿ ತುಂಬುವಾಗ ಅದು ನೆನಪಾಗದೆ ಇರುವುದಿಲ್ಲ.

ದೂರು ಕೊಡಲು ಹೋದರೆ ಇಲ್ಲಿನ ಕಚೇರಿಯಲ್ಲಿ, 'ನಿಮ್ಮ ಕರ್ನಾಟಕದವರನ್ನೇ ಕೇಳಿ' ಅನ್ನುತ್ತಾರೆ. ಆ ಕಡೆಯ ಕಚೇರಿಯಲ್ಲಿ, 'ನೀವು ತಮಿಳುನಾಡಿನವರು, ನಿಮ್ಮ ಸರ್ಕಾರದಿಂದ ಬರೆಸಿ' ಅಂದರು. ಎರಡು ಕಡೆಯ ಮಾತೂ ನಮಗೆ ಚೆನ್ನಾಗಿ ಅರ್ಥವಾಗುತ್ತದೆ, ಅದೇ ಸಂಕಟ.

ಕುಡಿಯಲು ಏನು ಮಾಡುತ್ತೀರಿ ಅಂತಲೂ ಕೇಳಿದ್ದಿರಿ. ಹೊಗೇನಕಲ್ಲಿನಿಂದ ಪೈಪಿನಲ್ಲಿ ಬರುವ ಕಾವೇರಿ. ಬೆಂಗಳೂರು ಕುಡಿಯುವುದೂ ಕಾವೇರಿಯನ್ನೇ. ಅಲ್ಲಿ ಬಳಸಿ ಬಿಟ್ಟ ಆ ನೀರೇ ನೊರೆಯಾಗಿ ನಮ್ಮ ಹೊಲದ ಪಕ್ಕ ಹರಿಯುತ್ತದೆ, ನಾವು ನಲ್ಲಿ ನೀರಿನ ಸರದಿಗೆ ಬಿಂದಿಗೆ ಇಟ್ಟುಕೊಂಡು ಕಾಯುತ್ತೇವೆ.