‘ಯ’ ಬಂದರೆ ಏನು ಹಾಡೋದು?

ಪ್ರಶ್ನೆ: ಅಕ್ಕಾ, ರಜೆಗೆ ಮಕ್ಕಳೆಲ್ಲ ಸೇರಿದರೆ ನಮ್ಮನೆಯಲ್ಲಿ ಊಟ ಆದಮೇಲೆ ಅಂತ್ಯಾಕ್ಷರಿ ಶುರು. ನಮ್ಮ ಅತ್ತೆ ಬೇಕಂತಲೇ ‘ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೆ’ ಹಾಡಿ ನಿಲ್ಲಿಸುತ್ತಾರೆ. ನಮಗೆ ‘ಯ’ ಬರುತ್ತದೆ. ‘ಯಾರೇ ಕೂಗಾಡಲಿ’ ಬಿಟ್ಟರೆ ಬೇರೆ ಹೊಳೆಯುವುದೇ ಇಲ್ಲ. ‘ಯ’ದಲ್ಲಿ ಹಾಡು ಅಷ್ಟು ಕಡಿಮೆಯಾ? ಹುಡುಕೋದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಕಡಿಮೆ ಏನಿಲ್ಲ. ಅತ್ತೆಯವರು ಕನಕದಾಸರನ್ನು ಹಾಡಿದರೆ ನೀವು ಪುರಂದರದಾಸರನ್ನು ಹಾಡಿ. ‘ಯಾರಿಗೆ ಯಾರುಂಟು ಎರವಿನ ಸಂಸಾರ, ನೀರ ಮೇಲಣ ಗುಳ್ಳೆ ನಿಜವಲ್ಲ ಹರಿಯೆ.’ ಇದೂ ‘ಹರಿಯೆ’ ಅಂತಲೇ ಮುಗಿಯುತ್ತದೆ ನೋಡಿ. ‘ಯ’ ವಾಪಸ್ ಅವರಿಗೇ ಹೋಯಿತು! ಅವರೂ ಬಿಡುವವರಲ್ಲ ಅಂತ ಕಾಣುತ್ತದೆ. ಅದಕ್ಕೇ ಇನ್ನೆರಡನ್ನು ಕಲಿತಿಟ್ಟುಕೊಳ್ಳಿ. ‘ಯಾದವ ನೀ ಬಾ ಯದುಕುಲ ನಂದನ’, ‘ಯಾರೇ ರಂಗನ ಯಾರೇ ಕೃಷ್ಣನ’. ಎರಡೂ ಪುರಂದರದಾಸರವೇ.

ನಾನು ಒಂದು ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೊಂದು ಪುಟ ಮಾಡಿ ಹಾಡುಗಳ ಮೊದಲ ಸಾಲು ಬರೆದಿಡುತ್ತೇನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಯ’ ಪುಟ. ಯಾಕೆ ಗೊತ್ತಾ? ಅಲ್ಲಿ ಎಲ್ಲರೂ ಏನಾದರೊಂದು ಕೇಳುತ್ತಲೇ ಇರುತ್ತಾರೆ. ‘ಯಾವ ಮೋಹನ ಮುರಲಿ ಕರೆಯಿತು’ ಅಂತ ಗೋಪಾಲಕೃಷ್ಣ ಅಡಿಗರು. ‘ಯಾವ ಜನ್ಮದ ಮೈತ್ರಿ’ ಅಂತ ಕುವೆಂಪು. ‘ಯಾತಕ್ಕೆ ಮಳೆ ಹೋದವೋ ಶಿವಶಿವ’ ಅಂತ ನಮ್ಮ ಹಳ್ಳಿಯ ಜನ. 1976ರ ‘ಬೆಸುಗೆ’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೇಳುವುದು ‘ಯಾವ ಹೂವು ಯಾರ ಮುಡಿಗೋ’. ದಾಸರು, ನವ್ಯದ ಕವಿ, ಸಿನಿಮಾದವರು ಬೇರೆಲ್ಲೂ ಹೀಗೆ ಅಕ್ಕಪಕ್ಕ ಕೂರುವುದಿಲ್ಲ. ಒಂದೇ ಪುಟಕ್ಕೆ ಬಂದಾಗ ಅವರ ಪ್ರಶ್ನೆಗಳು ಒಂದಕ್ಕೊಂದು ತಾಗುತ್ತವೆ. ಯಾರಿಗೆ ಯಾರುಂಟು ಅನ್ನುವುದಕ್ಕೂ ಯಾವ ಹೂವು ಯಾರ ಮುಡಿಗೋ ಅನ್ನುವುದಕ್ಕೂ ದೂರ ಜಾಸ್ತಿ ಇಲ್ಲ, ಅಲ್ವಾ?

ನಿಮಗೆ ಗೊತ್ತಿರುವ ‘ಯಾರೇ ಕೂಗಾಡಲಿ’ ಮಾತ್ರ ಏನನ್ನೂ ಕೇಳುವುದಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಹಾಡು. ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡಿದರು. ಅಲ್ಲಿಯವರೆಗೆ ಅವರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಆ ಎರಡೂ ದನಿ ಒಟ್ಟಿಗೆ ಬೇಕೆಂದರೆ ಮತ್ತೆ ‘ಯ’ಕ್ಕೇ ಬನ್ನಿ. 1977ರ ‘ಬಬ್ರುವಾಹನ’ದ ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’. ಅಪ್ಪ, ಮಗ ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಹಾಡಿನಲ್ಲಿ ಮಾತ್ರ ಇಬ್ಬರು ಗಾಯಕರು. ಮಕ್ಕಳನ್ನು ಎರಡು ಗುಂಪು ಮಾಡಿ ಇದನ್ನು ಹಾಡಿಸಿ, ಅಂತ್ಯಾಕ್ಷರಿ ಮರೆತೇ ಹೋಗುತ್ತದೆ.

ಹುಡುಕುವ ದಾರಿ ಹೇಳುತ್ತೇನೆ. ದಾಸರ ಪದಗಳ ಸಂಗ್ರಹ ತೆಗೆದುಕೊಂಡರೆ ಹಿಂದಿನ ಪುಟಗಳನ್ನು ನೋಡಿ. ಎಷ್ಟೋ ಸಂಗ್ರಹಗಳಲ್ಲಿ ಮೊದಲ ಸಾಲುಗಳ ಅಕಾರಾದಿ ಪಟ್ಟಿ ಇರುತ್ತದೆ. ಸಿನಿಮಾ ಹಾಡಿನ ಪುಸ್ತಕಗಳನ್ನು ಚಿತ್ರದ ಹೆಸರಿನ ಪ್ರಕಾರ ಜೋಡಿಸಿರುತ್ತಾರೆ, ಅಲ್ಲಿ ಸುಮ್ನೆ ಪುಟ ತಿರುವಬೇಕು. ಫೋನಿನಲ್ಲಿ ಹುಡುಕುವಾಗ ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ‘ಎಂದೆಂದೂ ನಿನ್ನನು ಮರೆತು’ ಕೂಡ ವೈ ಅಕ್ಷರದ ಕೆಳಗೆ ಬಂದುಬಿಡುತ್ತದೆ. ಅದು ‘ಎ’, ‘ಯ’ ಅಲ್ಲ. ಅತ್ತೆಯವರು ಒಪ್ಪುವುದಿಲ್ಲ!

ಪ್ರಶ್ನೆ: ‘ನಿತ್ಯೋತ್ಸವ’ವನ್ನು ‘ನ’ಕ್ಕೆ ಹಾಡಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ನಿಸಾರ್ ಅಹಮದ್ ಅವರ ಆ ಹಾಡು ಶುರುವಾಗುವುದು ‘ಜೋಗದ ಸಿರಿ ಬೆಳಕಿನಲ್ಲಿ’ ಅಂತ. ಬಾಯಿಗೆ ಮೊದಲು ಬರುವ ಅಕ್ಷರವೇ ಲೆಕ್ಕ. ಬೇಂದ್ರೆಯವರ ‘ಬೆಳಗು’ ಕೂಡ ಹಾಗೇ. ಹಾಡುವಾಗ ಅದು ‘ಮೂಡಲ ಮನೆಯ ಮುತ್ತಿನ ನೀರಿನ’, ಅಂದರೆ ‘ಮ’. ಶೀರ್ಷಿಕೆಗಳನ್ನೇ ಕೂಡಿಸುವವರು ಬೇರೆ ಪಟ್ಟಿ ಮಾಡಿಕೊಳ್ಳಲಿ. ಆಟಕ್ಕೆ ಎರಡನ್ನೂ ಬೆರೆಸಿದರೆ ಜಗಳ ಖಂಡಿತ.

ಪ್ರಶ್ನೆ: ‘ಣ’, ‘ಳ’ ಬಂದರೆ ಸೋತ ಹಾಗೇನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು ಅನ್ಯಾಯ. ಕನ್ನಡದಲ್ಲಿ ಆ ಅಕ್ಷರಗಳಿಂದ ಪದಗಳು ಶುರುವಾಗುವುದಿಲ್ಲ. ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ತೆಗೆದುಕೊಳ್ಳಿ. ‘ಲ’ಕ್ಕೆ ‘ಲಾಲಿಸಿದಳು ಮಗನ ಯಶೋದೆ’ ಇದೆ. ಎದುರಿನವರು ‘ದ’ಕ್ಕೆ ‘ದಾಸನ ಮಾಡಿಕೊ ಎನ್ನ’ ಎತ್ತಿಕೊಂಡರೆ ಹುಷಾರು. ಅದು ‘ವೆಂಕಟರಮಣ’ ಅಂತ ಮುಗಿದು ನಿಮಗೆ ‘ಣ’ ಕೊಡುತ್ತದೆ. ‘ನಂಬಿ ಕೆಟ್ಟವರಿಲ್ಲವೋ’ ಸಿದ್ಧ ಇಟ್ಟುಕೊಳ್ಳಿ.